ನಮ್ಮ ಮಾಮ ಪಾಸು ಮಾಡಿದ ಒಂದೇ ಜಾಗ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನಗೆ ದಿನಚರಿ ಬರೆಯುವ ಚಟವಿದೆ. ಆದರೆ ನನ್ನ ದಿನಚರಿಗೂ ನನ್ನ ನೆನಪಿಗೂ ಮಾತುಕತೆ ಅಷ್ಟಕ್ಕಷ್ಟೆ. ಹಸು ಕಾಗದ ತಿಂದದ್ದು ಗೂಡಲೂರಿನಲ್ಲಿ ಎಂದು ನೆನಪು ಹೇಳುತ್ತದೆ, ದಿನಚರಿ ತೇವಾರಂ ಎನ್ನುತ್ತದೆ. ಹಸುವನ್ನೇ ಕೇಳೋಣವೆಂದರೆ ಅದು ಈಗಿಲ್ಲ. ಒಂದು ವಿಷಯದಲ್ಲಿ ಮಾತ್ರ ನೆನಪು, ದಿನಚರಿ, ಊರು ಮೂರಕ್ಕೂ ಒಮ್ಮತವಿದೆ: ಮನೆ ಕಟ್ಟುವ ಜಾಗ ನೋಡುವುದರಲ್ಲಿ ನಮ್ಮ ಮಾಮನನ್ನು ಮೀರಿಸಿದವರು ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ಇಲ್ಲ. ಉತ್ತಮಪಾಳಯದಿಂದ ಗೂಡಲೂರಿನ ತನಕ ಕಡಿಮೆಯೆಂದರೂ ನೂರು ಮಂದಿಗೆ ಅವರು ಜಾಗ ನೋಡಿಕೊಟ್ಟಿದ್ದಾರೆ. ನೂರರಲ್ಲಿ ಒಬ್ಬರೂ ಕೊಳ್ಳಲಿಲ್ಲ!

ಹಾಗಾದರೆ ಮಾಮನ ಸ್ವಂತ ಮನೆ ಎಂಥ ಅರಮನೆ ಇರಬಹುದು ಎಂದು ನೀವು ಊಹಿಸುತ್ತಿದ್ದೀರಿ, ಅಲ್ಲವೇ? ಅವರು ಮೂವತ್ತು ವರ್ಷದಿಂದ ಕಂಬಂನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಓನರ್ ತೀರಿಕೊಂಡು, ಅವರ ಮಗ ಓನರ್ ಆಗಿ, ಅವನೂ ಈಗ ಕನ್ನಡಕ ಹಾಕುತ್ತಾನೆ. ಮಾಮನ ಪರೀಕ್ಷೆಯಲ್ಲಿ ಪಾಸಾದ ಜಾಗ ಇನ್ನೂ ಈ ಕಣಿವೆಯಲ್ಲಿ ಹುಟ್ಟಿಲ್ಲ. ಆದರೆ ಸಿದ್ಧತೆಯಲ್ಲಿ ಕೊರತೆಯಿಲ್ಲ. ಮದುವೆಯಾದ ಹೊಸತರಲ್ಲೇ, ಬೀಗಕ್ಕೆ ಹೆಸರಾದ ದಿಂಡಿಗಲ್‌ಗೆ ಹೋಗಿ, ಮಾವಿನಕಾಯಿ ಆಕಾರದ ಭಾರೀ ಬೀಗವೊಂದನ್ನು ಕೊಂಡು ತಂದಿದ್ದರು. ಅದು ಅವತ್ತಿನಿಂದ ಬಾಡಿಗೆ ಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಬೀಗ ಬಂತು, ಬಾಗಿಲು ಬರಬೇಕು, ಬಾಗಿಲಿನ ಹಿಂದೆ ಮನೆ ಬರಬೇಕು. ಎಲ್ಲಕ್ಕೂ ಒಂದು ಕ್ರಮ ಬೇಡವೇ?

"ನನ್ನ ನೋಡಾಕೆ ಬಂದಾಗ ಇವ್ರು ಇಷ್ಟು ಪರೀಕ್ಷೆ ಮಾಡಿದ್ರೆ ಎಷ್ಟು ಸಂದಾಗಿತ್ತು!" ಎನ್ನುತ್ತಾರೆ ನಮ್ಮ ಅತ್ತೆ. "ನಾನು ಫೇಲಾಗಿ ತಪ್ಪಿಸ್ಕೊತಿದ್ದೆ."

ಮಾಮ ಜಾಗ ನೋಡಲು ಹೊರಟರೆಂದರೆ ಅದೊಂದು ಮೆರವಣಿಗೆ. ಕೈಚೀಲದಲ್ಲಿ ಸಣ್ಣ ಹಾರೆ, ಎವರ್‌ಸಿಲ್ವರ್ ಲೋಟ, ದಿಕ್ಸೂಚಿ, ಛತ್ರಿ. ಮೊದಲು ಮೊಳದಾಳದ ಗುಂಡಿ ತೋಡುತ್ತಾರೆ. ತೋಡಿದ ಮಣ್ಣನ್ನೇ ಮತ್ತೆ ತುಂಬುತ್ತಾರೆ. ಮಣ್ಣು ಮಿಕ್ಕಿದರೆ ಒಳ್ಳೆಯದು, ಸಾಲದೆ ಹೋದರೆ ಕೆಟ್ಟದ್ದು. ಆಮೇಲೆ ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಸಾರಿನ ಉಪ್ಪು ನೋಡಿದ ಹಾಗೆ ನೋಡುತ್ತಾರೆ. ಆಮೇಲೆ ಪಕ್ಕದ ಮನೆಗೆ ಹೋಗಿ ಕುಡಿಯಲು ನೀರು ಕೇಳುತ್ತಾರೆ. ನೀರು ಎಷ್ಟು ಹೊತ್ತಿಗೆ ಬಂತು, ಯಾವ ಪಾತ್ರೆಯಲ್ಲಿ ಬಂತು, ಕೊಟ್ಟವರು ನಿಂತು ಮಾತಾಡಿದರೇ, ಬಾಗಿಲು ಹಾಕಿಕೊಂಡರೇ ಎಂಬುದರಿಂದ ಮುಂದಿನ ಮೂರು ತಲೆಮಾರಿನ ಜಗಳವನ್ನು ಅಳೆದುಬಿಡುತ್ತಾರೆ. ಕೊನೆಗೆ ಹಸು. ಆ ಜಾಗದಲ್ಲಿ ಬೆಳಗ್ಗೆಯಿಂದ ಒಂದು ಹಸುವನ್ನು ಕಟ್ಟಬೇಕು. ಅದು ಮಲಗಿ ಮೆಲುಕು ಹಾಕಿದರೆ ಮಾತ್ರ ಜಾಗ ಮನುಷ್ಯರಿಗೆ ಯೋಗ್ಯ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಮೇಲಿನ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಬಂದವರಂತೆ. ದನ ಮಲಗಿದ ಕಡೆ ಊರು ಕಟ್ಟಿದರಂತೆ. ಅಂದರೆ ನಮ್ಮ ತಾಯ್ನೆಲವನ್ನು ಆರಿಸಿದ್ದು ನಾವಲ್ಲ, ದನಗಳ ಸುಸ್ತು.

ನಾನೂ ನನ್ನ ಮನೆಯವರೂ ಉತ್ತಮಪಾಳಯದ ಹೊರಗೆ, ಬಾಳೆತೋಟದ ಪಕ್ಕ ಒಂದು ಜಾಗ ನೋಡಿದ್ದೆವು. ಮಾಮ ಮಣ್ಣು ರುಚಿ ನೋಡಿ, "ಉಪ್ಪು" ಎಂದರು. ಮುಗಿಯಿತು. ಗೂಡಲೂರಿನಲ್ಲಿ ಒಂದು ನೋಡಿದೆವು. ಮಣ್ಣು ಸಿಹಿ, ನೀರು ಸಿಹಿ, ಪಕ್ಕದ ಮನೆಯವಳು ನೀರಿನ ಜೊತೆ ಮುರುಕು ಬೇರೆ ಕೊಟ್ಟಳು. ಮಾಮ ಛತ್ರಿ ಬಿಚ್ಚಿ, ಬೆಟ್ಟದ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು, "ಬ್ಯಾಡ. ಇಲ್ಲಿ ಗಾಳಿನೇ ಮಲಯಾಳ ಮಾತಾಡ್ತದೆ" ಎಂದರು. ತೇವಾರಂನಲ್ಲಿ (ಅಥವಾ ಗೂಡಲೂರಿನಲ್ಲೇ, ಹಸು ಸಾಕ್ಷಿ) ಬ್ರೋಕರ್ ಕುರ್ಚಿಯ ಮೇಲಿಟ್ಟಿದ್ದ ಪಟ್ಟಾದ ಜೆರಾಕ್ಸನ್ನು ಪರೀಕ್ಷೆಗೆ ತಂದಿದ್ದ ಹಸು ತಿಂದುಬಿಟ್ಟಿತು. ತಿಂದು ಕೆಮ್ಮಿತು.

"ಅಯ್ಯೋ, ಪಟ್ಟಾ ಹೋಯ್ತಲ್ಲ ಅಣ್ಣಾಚ್ಚಿ!" ಎಂದು ಬ್ರೋಕರ್ ತಲೆ ಚಚ್ಚಿಕೊಂಡ.

"ಪಾತ್ತಿಯಾ, ನೋಡ್ದ್ಯಾ?" ಎಂದರು ಮಾಮ. "ಹಸುಗೇ ಅರಗ್ಲಿಲ್ಲ. ನಮ್ಗೆ ಅರಗ್ತದಾ?"

ನಾವು ಕೊನೆಗೆ ಮಾಮನಿಗೆ ಹೇಳದೆ ಒಂದು ಅಪಾರ್ಟ್‌ಮೆಂಟ್ ಕೊಂಡೆವು. ಮೂರನೇ ಮಹಡಿಗೆ ಹಸು ಹತ್ತಿಸಲಾಗುವುದಿಲ್ಲ ಎಂಬ ಒಂದೇ ಧೈರ್ಯದಿಂದ.

ಇಂಥ ಮಾಮನ ಮುಂದೆ ವಿದೇಶದ ಜಾಗ ಪರೀಕ್ಷೆಗೆ ಬಂತು.

ಮಾಮನ ಲೆಕ್ಕದಲ್ಲಿ ವಿದೇಶ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಕೇರಳದ ಗಡಿಯ ಕುಮಳಿ ಚೆಕ್‌ಪೋಸ್ಟಿನಿಂದ. ಗೇಟಿನ ಈಚೆ ನಾವು, ಆಚೆ ಫಾರಿನ್. ನನ್ನ ತಂಗಿ ಆ ಗೇಟಿನಾಚೆಯ ಹುಡುಗನನ್ನು ಮೆಚ್ಚಿ, ಯಾರಿಗೂ ಹೇಳದೆ ರಿಜಿಸ್ಟರ್ ಮದುವೆಯಾದಳು. ಅವನು ಆಸ್ಪತ್ರೆಯಲ್ಲಿ ನರ್ಸ್. ಇಬ್ಬರೂ ಮುಂದೆ ನ್ಯೂಜಿಲೆಂಡಿಗೆ ಹೋದರು. ಅವನು ಅಲ್ಲಿಯೂ ನರ್ಸ್, ಅವಳು ಸಣ್ಣ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡುತ್ತಾಳೆ. ಮಾಮನಿಗೆ ನ್ಯೂಜಿಲೆಂಡ್ ಕುಮಳಿಯಿಂದ ಸ್ವಲ್ಪ ಮುಂದೆ, ಅಷ್ಟೆ. ಗೇಟು ದಾಟಿದ ಮೇಲೆ ಎಷ್ಟು ದೂರವಾದರೇನು?

ಅವರ ಕೋಪ ಹುಡುಗನ ಮೇಲೋ ಭಾಷೆಯ ಮೇಲೋ ಅಲ್ಲವೆಂದು ಈಗ ಅನ್ನಿಸುತ್ತದೆ. ನಮ್ಮಲ್ಲಿ ಮದುವೆಯ ಹುಡುಗಿಗೆ ಮೊದಲ ಮಾಲೆ ಹಾಕುವುದು ತಾಯಿಮಾಮ. ಅಪ್ಪ ಬೇಗ ಹೋಗಿಬಿಟ್ಟ ನಮ್ಮ ಮನೆಯಲ್ಲಿ ಆ ಹಕ್ಕಿಗೆ ಇನ್ನೂ ತೂಕ. ನನಗೆ ಮಾಲೆ ಹಾಕಿ, ತಂಗಿಗೆಂದು ಆಗಲೇ ಸೀರೆಯ ಬಣ್ಣ ಆರಿಸಿಟ್ಟಿದ್ದರು. ತಂಗಿ ಅವರ ಸೈಕಲ್ಲಿನ ಬಾರಿನ ಮೇಲೆ ಕೂತು, ನೋಡಿದ ಜಾಗಗಳಿಗೆಲ್ಲ ಹೋಗಿ, ಅವರ ಜೊತೆ ಮಣ್ಣು ತಿಂದು ಬೆಳೆದವಳು. ರಿಜಿಸ್ಟರ್ ಆಫೀಸಿನಲ್ಲಿ ಮಾಮನಿಗೆ ಒಂದು ಸಾಕ್ಷಿ ಸಹಿಯನ್ನೂ ಉಳಿಸಲಿಲ್ಲ. ಐದು ವರ್ಷ ಮಾಮ ಅವಳ ಜೊತೆ ಒಂದು ಮಾತಾಡಲಿಲ್ಲ. ಅವಳ ಹೆಸರನ್ನೂ ಹೇಳುತ್ತಿರಲಿಲ್ಲ. "ಗೇಟಾಚೆಗೆ ಹೋದವಳು" ಎನ್ನುತ್ತಿದ್ದರು.

ಹೀಗಿರುವಾಗ ತಂಗಿ ಫೋನು ಮಾಡಿದಳು. ಒಂದು ಸಣ್ಣ ಊರಿನ ಅಂಚಿನಲ್ಲಿ ಜಾಗ ಸಿಕ್ಕಿದೆಯಂತೆ. ಮನೆ ಕಟ್ಟಬೇಕಂತೆ. ಸಹಿ ಮಾಡಲು ಹತ್ತು ದಿನ ಗಡುವು.

"ಅಕ್ಕಾ, ಮಾಮನ್ನ ಒಂದ್ಸಲ ಪಾಕ್ಕ ಸೊಲ್ಲು. ಅವ್ರು ಸರಿ ಅನ್ನದೆ ನಾನು ಸೈನ್ ಮಾಡಲ್ಲ."

ಪಾಕ್ಕ ಸೊಲ್ಲು ಎಂದರೆ ನೋಡಲು ಹೇಳು ಅಂತ; ಅವಳ ಮಾತು ಹೀಗೆಯೇ. ನಮ್ಮ ಮನೆ ಕನ್ನಡ ಅವಳಿಗೆ ಕೇಳಲು ಬರುತ್ತದೆ, ಆಡಲು ಹೋದರೆ ಅರ್ಧ ದಾರಿಯಲ್ಲಿ ತಮಿಳು ಬಸ್ಸು ಹತ್ತಿಬಿಡುತ್ತಾಳೆ.

"ಮಾಮ ಸರಿ ಅನ್ನುವುದಾ? ಆ ಶಬ್ದ ಅವರ ಬಾಯಲ್ಲಿ ಯಾವತ್ತಾದರೂ ಕೇಳಿದ್ದೀಯಾ? ಅದೂ ಅಲ್ಲದೆ, ನಿನ್ನ ಜೊತೆ ಮಾತು ಬೇರೆ ಇಲ್ಲ."

"ಅದಕ್ಕೇ ಅಕ್ಕಾ," ಎಂದಳು. "ನಾನು ಕರೆದ್ರೆ ಬರಲ್ಲ. ಜಾಗ ಕರೆದ್ರೆ ಬರ್ತಾರೆ."

ನಾನು ಎಂ.ಎ. ಓದಿದವಳು. ಇವಳು ಡಿಪ್ಲೊಮಾ. ಬುದ್ಧಿ ಯಾರಿಗೆ ಹೆಚ್ಚು ಎಂದು ಆವತ್ತು ಗೊತ್ತಾಯಿತು.

ನಾನು ಪಾಠ ಮಾಡುವ ಕಾಲೇಜು ಕಂಬಂನಲ್ಲಿದೆ. ಮಾಮನ ಮನೆ ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ. ಮರುದಿನ ಬೆಳಗ್ಗೆ ಹೋದೆ. ಮಾಮ ಲುಂಗಿ ಎತ್ತಿ ಕಟ್ಟಿ, ಕಾಫಿ ಆರಿಸುತ್ತಿದ್ದರು. ವಿಷಯ ಹೇಳಿದೆ. ಅವರು ಕಾಫಿಯನ್ನು ಲೋಟದಿಂದ ಡಬರಿಗೆ, ಡಬರಿಯಿಂದ ಲೋಟಕ್ಕೆ ಹತ್ತು ಸಲವಾದರೂ ಸುರಿದರು. ಕಾಫಿ ಆರಿ, ತಣ್ಣಗಾಗಿ, ಕುಡಿಯಲು ಲಾಯಕ್ಕಿಲ್ಲದ ಹಾಗಾಯಿತು.

"ವಿಲ್ಲಂಗಂ ತೆಗೆದವಳಾ ಕೇಳು," ಎಂದರು ಕೊನೆಗೆ.

ವಿಲ್ಲಂಗಂ ಎಂದರೆ ಜಾಗದ ಮೇಲೆ ಸಾಲ, ಪಾಲು, ತಕರಾರು ಏನಾದರೂ ಇದೆಯೇ ಎಂದು ರಿಜಿಸ್ಟರ್ ಆಫೀಸು ಕೊಡುವ ಕಾಗದ. ನಾನು ಅಲ್ಲೇ ತಂಗಿಗೆ ವೀಡಿಯೊ ಕರೆ ಮಾಡಿದೆ. ಅಲ್ಲಿ ಆಗಲೇ ಮಧ್ಯಾಹ್ನ. ಅವಳು ಜಾಗದ ಮೇಲೆಯೇ ನಿಂತಿದ್ದಳು, ಗಾಳಿಗೆ ಕೂದಲು ಮುಖದ ತುಂಬ. ಫೋನನ್ನು ಮಾಮನ ಸ್ಟೂಲಿನ ಮೇಲೆ, ಡಬರಿಗೆ ಆನಿಸಿ ನಿಲ್ಲಿಸಿದೆ. ಮಾಮ ಫೋನು ನೋಡಲಿಲ್ಲ. ಗೋಡೆಯ ಬೀಗ ನೋಡಿದರು.

"ಅವಳ್ಗೆ ಹೇಳು, ಮೂವತ್ತು ವರ್ಷದ್ದು ಸಾಲ್ದು. ನೂರು ವರ್ಷದ್ದು ತೆಗೀಬೇಕು ಅಂತ."

"ಕೇಳಿಸ್ತು ಮಾಮಾ," ಎಂದಳು ತಂಗಿ ಫೋನಿನಲ್ಲಿ.

ಮಾಮ ನನ್ನ ಕಡೆ ತಿರುಗಿದರು. "ಹೇಳ್ದ್ಯಾ ಅವಳ್ಗೆ?"

ಹೀಗೆ ಶುರುವಾಯಿತು ನನ್ನ ಹತ್ತು ದಿನದ ನೌಕರಿ: ಕನ್ನಡದಿಂದ ಕನ್ನಡಕ್ಕೆ ಅನುವಾದ. ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳುತ್ತಾರೆ, ಆದರೆ ನಾನು ಮತ್ತೊಮ್ಮೆ ಹೇಳುವ ತನಕ ಅದು ಕೇಳಿದ ಲೆಕ್ಕವಲ್ಲ. ಮದುರೈಯಲ್ಲಿ ಎರಡು ವರ್ಷ ಕೂತು ಕನ್ನಡದ ಅಕ್ಷರ ಕಲಿತು ಪದವಿ ಪಡೆದದ್ದಕ್ಕೆ ಸಿಕ್ಕ ಸಾರ್ಥಕ್ಯ ಇದೇ.

ಮೊದಲ ದಿನ ಕಾಗದ. ಆ ದೇಶದಲ್ಲಿ ಜಾಗದ ಹಕ್ಕಿಗೆ ಸರ್ಕಾರವೇ ಒಂದು ಪತ್ರ ಕೊಡುತ್ತದಂತೆ, ಯಾರದು, ಯಾರಿಗೇನು ಬಾಕಿ, ಎಲ್ಲ ಅದರಲ್ಲೇ ಇರುತ್ತದಂತೆ. ತಂಗಿ ತೋರಿಸಿದಳು. ಒಂದು ಹಾಳೆ.

"ಒಂದೇ ಹಾಳೆಯಾ?" ಮಾಮ ಗಾಬರಿಯಾದರು. "ಅವಳು ಕೊಳ್ತಾ ಇರೋದು ಜಾಗನಾ, ಬಸ್ ಟಿಕೆಟ್ಟಾ?"

"ಇನ್ನೊಂದು ಇದೆ ಮಾಮಾ. ಊರಿನ ಕೌನ್ಸಿಲ್ ಕೊಡೋ ರಿಪೋರ್ಟ್. ನೀರು ನುಗ್ಗುತ್ತಾ, ಮಣ್ಣು ಜಾರುತ್ತಾ, ಅಡೀಲಿ ಏನು ಹೋಗುತ್ತೆ ಎಲ್ಲಾ ಅದರಲ್ಲಿರುತ್ತೆ. ತುಂಬಾ ಪುಟ. ನಾನು ಪೂರ್ತಿ ಓದಿಲ್ಲ."

"ಓದಿಲ್ವಂತೆ!" ಎಂದು ಮಾಮ ಬೀಗಕ್ಕೆ ಹೇಳಿದರು. "ಓದದೆ ಸಹಿ ಹಾಕೋದು ಅವಳ್ಗೆ ಹೊಸದಾ?"

ಅದು ಜಾಗದ ಬಗ್ಗೆ ಅಲ್ಲವೆಂದು ಮೂವರಿಗೂ ಗೊತ್ತಾಯಿತು. ತಂಗಿ ಕೂದಲು ಹಿಂದೆ ಸರಿಸಿಕೊಂಡಳು, ಅಷ್ಟೆ.

ಆ ರಿಪೋರ್ಟನ್ನು ಮೂರು ದಿನ ಬೆಳಗ್ಗೆ ಕಾಲೇಜಿಗೆ ಮುಂಚೆ ನಾನು ಓದಿ ಹೇಳಿದೆ, ಮಾಮ ಕೇಳಿದರು. ಮೂರನೆಯ ದಿನ, ಒಂದು ನಕ್ಷೆಯ ಮೂಲೆಯಲ್ಲಿ ಚುಕ್ಕೆ ಚುಕ್ಕೆ ಗೆರೆ ಕಂಡಿತು. "ನಿಲ್ಲು. ಅದೇನು?" ಎಂದರು ಮಾಮ. ನೋಡಿದರೆ, ಬೀದಿಯ ಮಳೆನೀರು ಹೋಗುವ ಕೊಳವೆ! ಜಾಗದ ಪೂರ್ವದ ಅಂಚಿನಲ್ಲಿ, ನೆಲದಡಿಯಲ್ಲಿ. ಅದರ ಮೇಲೆ ಏನೂ ಕಟ್ಟುವ ಹಾಗಿಲ್ಲ. ತಂಗಿಯೂ ಅವಳ ಗಂಡನೂ ಸರಿಯಾಗಿ ಅಲ್ಲಿಯೇ ಕಾರು ನಿಲ್ಲಿಸುವ ಶೆಡ್ಡಿಗೆ ಗೆರೆ ಹಾಕಿಸಿದ್ದರು. ಈ ವಾಕ್ಯ ಬರೆಯಲು ನನಗೆ ಇಷ್ಟವಿಲ್ಲ, ಆದರೆ ದಿನಚರಿಯಲ್ಲೂ ಇದೆ, ನೆನಪಿನಲ್ಲೂ ಇದೆ: ಮಾಮ ಹೇಳಿದ್ದು ಸರಿಯಾಗಿತ್ತು.

"ಊರಿನ ಚರಂಡಿ ಮೇಲೆ ಕಾರು ನಿಲ್ಲಿಸ್ತಾಳಂತೆ. ಹೇಳು ಅವಳ್ಗೆ, ಅಲ್ಲಿ ಕರಿಬೇವು ಹಾಕ್ಲಿ."

"ಕರಿಬೇವು ಇಲ್ಲಿ ಬರಲ್ಲ ಮಾಮಾ, ಚಳಿ."

"ಕರಿಬೇವು ಬರಲ್ವಂತೆ!" ಎಂದು ಮಾಮ ಅತ್ತೆಯನ್ನು ಕೂಗಿದರು. "ಕೇಳ್ದ್ಯಾ? ಕರಿಬೇವೇ ಬರದ ಕಡೆ ಮನುಷ್ಯರು ಬಂದು ಕೂತವ್ರೆ!"

ಆಮೇಲೆ ಬಡಾವಣೆಯ ನಿಬಂಧನೆಗಳು. ಕೋಳಿ ಸಾಕಬಾರದು. ಬಟ್ಟೆಯನ್ನು ಬೀದಿಗೆ ಕಾಣುವಂತೆ ಒಣಗಿಸಬಾರದು. ಬೇಲಿ ಇಷ್ಟೇ ಎತ್ತರ. ಛಾವಣಿಗೆ ಮೂರು ಬಣ್ಣಗಳಲ್ಲಿ ಒಂದು: ಬೂದು, ಕಪ್ಪು, ಇನ್ನೊಂದು ಥರದ ಬೂದು.

"ಮನೆ ನಮ್ದು, ಬಣ್ಣ ಅವ್ರು ಹೇಳೋದಾ? ಇದು ಮನೆನಾ, ಹಾಸ್ಟಲ್ಲಾ?"

"ಬಿಡಿ, ಒಳ್ಳೇದೇ ಆಯ್ತು," ಎಂದರು ಅತ್ತೆ ಒಳಗಿನಿಂದ. "ಮೂರೇ ಬಣ್ಣ ಇದ್ರೆ ಮೂರು ದಿನಕ್ಕೆ ಮುಗೀತದೆ. ನಿಮ್ಮಂಥವ್ರಿಗೆ ಮೂವತ್ತು ಕೊಟ್ರೆ ಮೂವತ್ತು ವರ್ಷ."

ಐದನೆಯ ದಿನ ಸೂರ್ಯ. ಅಯ್ಯೋ, ಆ ಸೂರ್ಯ! ಮಾಮ ಒಂದು ರೂಲ್ಡ್ ಹಾಳೆಯ ಮೇಲೆ ದಿಕ್ಕು ಬರೆದು, ಮನೆಯ ಜಗಲಿ ಹೇಗಿರಬೇಕು, ಬಿಸಿಲು ಎಲ್ಲಿ ಬೀಳಬೇಕು ಎಂದು ಗೆರೆ ಎಳೆದಿದ್ದರು. "ಮಧ್ಯಾಹ್ನದ ಬಿಸಿಲು ತೆಂಕಲಿಂದ ಬತ್ತದೆ. ಆ ಕಡೆ ಮರ ಹಾಕ್ಬೇಕು ಅಂತ ಹೇಳು."

"ಮಾಮಾ," ತಂಗಿ ಹೆದರುತ್ತ ಹೇಳಿದಳು, "ಇಲ್ಲಿ ಸೂರ್ಯ ವಡಕ್ಕು ಕಡೆ, ಉತ್ತರಕ್ಕೆ ಹೋಗ್ತಾನೆ."

ನಾನು ಅನುವಾದಿಸುವ ಅಗತ್ಯ ಬೀಳಲಿಲ್ಲ. ಮಾಮನ ಪೆನ್ಸಿಲು ಕೈಯಿಂದ ಬಿತ್ತು. ತಂಗಿ ಫೋನಿನ ದಿಕ್ಸೂಚಿ ತೋರಿಸಿದಳು. ಮಾಮ ತಮ್ಮ ದಿಕ್ಸೂಚಿ ತಂದು ಫೋನಿನ ಪಕ್ಕ ಇಟ್ಟು ನೋಡಿದರು, ಎರಡೂ ಒಪ್ಪಂದ ಮಾಡಿಕೊಂಡು ಮೋಸ ಮಾಡುತ್ತಿವೆಯೇನೋ ಎಂಬಂತೆ. ಭೂಮಿಯ ಕೆಳಗಿನ ಅರ್ಧದಲ್ಲಿ ಹಾಗೆಯೇ ಎಂದು ನಾನು ಕಾಲೇಜಿನ ಗತ್ತಿನಲ್ಲಿ, ನಿಂಬೆಹಣ್ಣು ಹಿಡಿದು ವಿವರಿಸಿದೆ. ಮಾಮ ನಿಂಬೆಹಣ್ಣನ್ನು ಕಿತ್ತುಕೊಂಡು ಅತ್ತೆಗೆ ಕೊಟ್ಟರು.

"ಸೂರ್ಯನಿಗೇ ದಾರಿ ತಪ್ಪಿರೋ ದೇಶ ಅದು," ಎಂದರು. "ಹೋದವರ ತಪ್ಪು ಏನದೆ ಅದ್ರಾಗೆ?"

ನನಗೆ ಈಗ ಅನುಮಾನ. ಈ ಕೊನೆಯ ಮಾತನ್ನು ಅವರು ಆಡಿದರೋ, ನಾನು ಆಮೇಲೆ ಸೇರಿಸಿಕೊಂಡೆನೋ? ದಿನಚರಿಯಲ್ಲಿ ಆ ದಿನ "ಸೂರ್ಯ. ನಿಂಬೆಹಣ್ಣು. ಕಾಲೇಜಿಗೆ ಲೇಟ್" ಎಂದಷ್ಟೇ ಇದೆ.

ಮಣ್ಣಿನ ಪರೀಕ್ಷೆಗೆ ಅಲ್ಲಿ ಎಂಜಿನಿಯರ್ ಬರುತ್ತಾನಂತೆ. ಭೂಕಂಪದ ನಾಡು; ನೆಲಕ್ಕೆ ಸಲಾಕೆ ಇಳಿಸಿ, ಮನೆಯ ತೂಕ ತಡೆಯುತ್ತದೆಯೇ, ಅಲುಗಿದಾಗ ಮಣ್ಣು ಕೆಸರಾಗುತ್ತದೆಯೇ ಎಂದು ಬರೆದು ಕೊಡುತ್ತಾನೆ. ಕೊಟ್ಟಿದ್ದ.

"ತಿಂದು ನೋಡಿದ್ನಾ ಕೇಳು."

"ಇಲ್ಲ ಮಾಮಾ, ಮೆಷಿನ್ನಲ್ಲಿ..."

"ಮೆಷಿನ್‌ಗೆ ನಾಲಗೆ ಅದಾ?"

ತಂಗಿ ಫೋನನ್ನು ಗಂಡನ ಕೈಗೆ ಕೊಟ್ಟಳು. ಅವನ ಮುಖ ನಮಗೆ ಕಾಣಲಿಲ್ಲ, ಹೆಬ್ಬೆರಳಿನ ಅಂಚು ಕಂಡಿತು. ಅವಳು ಮಂಡಿಯೂರಿ ಕೂತು, ಹುಲ್ಲು ಸರಿಸಿ, ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿಕೊಂಡಳು. ಸಾರಿನ ಉಪ್ಪು ನೋಡುವ ಹಾಗೆಯೇ!

"ಉಪ್ಪು ಇಲ್ಲ," ಎಂದಳು. "ಸೈಕಲ್ಲಲ್ಲಿ ಹೋಗಿ ನೋಡಿದ್ವಲ್ಲ, ಆ ತೇವಾರಂ ಇಡಂ, ಆ ಜಾಗದ ಥರ ಅದೆ. ಗುಡ್ಡದ ಅಡೀದು."

ಮಾಮ ಆವತ್ತು ಮೊದಲ ಸಲ ಫೋನಿನಲ್ಲಿ ಅವಳ ಮುಖ ನೋಡಿದರು. ನನಗೆ ಹೇಳಿದರು: "ಬಾಯಿ ತೊಳ್ಕೊಳ್ಳಾಕೆ ಹೇಳು."

ಇನ್ನು ಹಸು. ಆ ಊರಲ್ಲಿ ಜನಕ್ಕಿಂತ ಹಸು ಜಾಸ್ತಿ ಎಂದು ಯಾರೋ ಮಾಮನಿಗೆ ಹೇಳಿಬಿಟ್ಟಿದ್ದರು (ನಾನೇ ಇರಬೇಕು). "ಅಷ್ಟೊಂದು ಹಸು ಇಟ್ಕೊಂಡು ಒಂದು ಹಸು ಕಟ್ಟಾಕೆ ಏನು ಕಷ್ಟ?" ತಂಗಿ ಪಾಪ, ಬೇಲಿಯಾಚೆಯ ರೈತನ ಮನೆಗೆ ಹೋಗಿ, "ನಿಮ್ಮ ಒಂದು ಹಸು ನಮ್ಮ ಜಾಗದಲ್ಲಿ ಒಂದು ದಿನ ಮಲಗಿದರೆ ನಮ್ಮ ಮಾಮನಿಗೆ ಸಮಾಧಾನ" ಎಂದು ಕೇಳಿದ್ದಾಳೆ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಕೇಳಿದಳೋ! ಆತ ಬಹಳ ಮರ್ಯಾದೆಯಿಂದ ವಿವರಿಸಿದನಂತೆ: ಅಲ್ಲಿ ಪ್ರತಿ ಹಸುವಿಗೂ ಕಿವಿಯಲ್ಲಿ ನಂಬರು, ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಕಳಿಸಿದರೆ ಕಂಪ್ಯೂಟರಿನಲ್ಲಿ ಬರೆಸಬೇಕು.

"ಹಸು ಹೋಗಾಕೆ ಬರೆಸ್ಬೇಕು. ಹೆಣ್ಣುಮಕ್ಕಳು ಹೋಗಾಕೆ ಬ್ಯಾಡ," ಎಂದರು ಮಾಮ.

ಆದರೆ ರೈತ ಒಳ್ಳೆಯವನು. ಮರುದಿನ ಹಸುಗಳನ್ನು ಬೇಲಿಯ ಪಕ್ಕಕ್ಕೆ ಮೇಯಲು ಬಿಟ್ಟ. ಮಧ್ಯಾಹ್ನ ಒಂದು ಕಪ್ಪು ಬಿಳುಪು ಹಸು ಬೇಲಿಯಿಂದ ಮೊಳದ ದೂರದಲ್ಲಿ ಮಲಗಿ ಮೆಲುಕು ಹಾಕಿತು. ತಂಗಿ ಫೋಟೋ ಕಳಿಸಿದಳು. ಮಾಮ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಇವಳ ಕಡೆಗೆ ತಲೆನಾ, ಬಾಲನಾ?"

"ತಲೆ ಮಾಮಾ."

"ಹೂಂ. ಅರ್ಧ ಪಾಸು."

ಅರ್ಧ! ಮೂವತ್ತು ವರ್ಷದಲ್ಲಿ ಮಾಮ ಕೊಟ್ಟ ಅತಿ ಹೆಚ್ಚು ಮಾರ್ಕು ಇದು. ನನಗೂ ಅತ್ತೆಗೂ ಸಿಹಿ ಹಂಚುವಷ್ಟು ಸಂತೋಷವಾಯಿತು.

ನೀರು ಕೇಳುವ ಪರೀಕ್ಷೆಯಲ್ಲಿ ಪಕ್ಕದ ಮನೆಯ ಮುದುಕಿ ಗಾಜಿನ ಲೋಟದಲ್ಲಿ ನೀರು, ತಟ್ಟೆಯಲ್ಲಿ ಕೇಕು ಕೊಟ್ಟು, ಒಂದು ಗಂಟೆ ಕೂರಿಸಿಕೊಂಡು ತನ್ನ ಮಂಡಿನೋವಿನ ಕಥೆ ಹೇಳಿದಳಂತೆ. ಮಾಮ ಯೋಚಿಸಿದರು. "ಮಾತಾಡಾಕೆ ಆಳಿಲ್ಲದವಳು. ಒಳ್ಳೇವಳು. ಆದ್ರೆ ಅವಳಾಡೋದು ಅವಳ ಮಾತು," ಎಂದರು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಕಾಲೇಜಿಗೆ ಹೊತ್ತಾಗಿತ್ತು.

ಹತ್ತನೆಯ ದಿನ ಬಂತು. ಸಂಜೆಯೊಳಗೆ ಸಹಿ ಆಗಬೇಕು, ಇಲ್ಲವೇ ಜಾಗ ಇನ್ನೊಬ್ಬರಿಗೆ. ತಂಗಿಗೆ ನಿದ್ದೆಯಿಲ್ಲವೆಂದು ಅವಳ ಕಣ್ಣೇ ಹೇಳುತ್ತಿತ್ತು. ಗಂಡ ಹಿಂದೆ ಎಲ್ಲೋ, "ಮಾಮನ್ ಎಂತು ಪರಞ್ಞು?" ಎಂದು ಮೆಲ್ಲಗೆ ಕೇಳುತ್ತಿದ್ದ. ಮಾಮ ಏನು ಹೇಳಿದರು ಅಂತ! ಮಾಮ ಇನ್ನೂ ಏನೂ ಹೇಳಿರಲಿಲ್ಲವಲ್ಲ.

"ಮಾಮಾ, ಆಯ್ತಾ? ಎಲ್ಲ ನೋಡಿದ್ದಾಯ್ತಲ್ಲ?" ಎಂದೆ ನಾನು.

"ಒಂದು ಬಾಕಿ ಅದೆ. ಕೂಗು."

"ಎಂಥ ಕೂಗು?"

ಮಾಮ ನನ್ನ ಪದವಿಯನ್ನು ತುಚ್ಛವಾಗಿ ನೋಡಿದರು. "ನಮ್ಮವ್ರು ಜಾಗ ಮುಗಿಸೋಕೆ ಮುಂಚೆ ನಟ್ಟನಡುವೆ ನಿಂತು ಮೂರು ಸಲ ಕೂಗ್ತಾರೆ. ನಮ್ಮ ಮಾತು ಬಲ್ಲವರು ಯಾರಾನಾ ಓ ಅಂದ್ರೆ, ಕೂಗಳತೆಯಾಗೆ ನಮ್ಮ ಜನ ಅವ್ರೆ ಅಂತ ಅರ್ಥ. ಯಾರೂ ಅನ್ನದಿದ್ರೆ ಆ ಇಡಂ ಬ್ಯಾಡ. ಎಷ್ಟೇ ಸಂದಾಗಿರ್ಲಿ, ಬ್ಯಾಡ."

ನನಗೆ ಸಿಟ್ಟು ಬಂತು. ನ್ಯೂಜಿಲೆಂಡಿನ ಆ ಮೂಲೆಯಲ್ಲಿ ನಮ್ಮ ಕಣಿವೆಯ ಕನ್ನಡಕ್ಕೆ ಓಗೊಡುವವರು ಯಾರು? ಕಿವಿಯಲ್ಲಿ ನಂಬರಿರುವ ಆ ಹಸುಗಳೇ? ಇವರಿಗೆ ಬೇಡ ಅನ್ನಬೇಕಾಗಿತ್ತು, ಹತ್ತು ದಿನ ಆಟ ಆಡಿಸಿದರು ಎಂದುಕೊಂಡೆ.

"ಮಾಮಾ, ನಿಮ್ಮ ಜೊತೆ ನಾನು ಎಷ್ಟು ಜಾಗಕ್ಕೆ ಬಂದಿದ್ದೀನಿ! ಯಾರೂ ಎಲ್ಲೂ ಕೂಗಿದ್ದನ್ನು ನಾನು ನೋಡಿಲ್ಲವಲ್ಲ?"

"ಕೂಗೋ ತನಕ ಬಂದ ಜಾಗ ಯಾವ್ದು? ಎಲ್ಲಾ ಮುಂಚೇನೇ ಫೇಲು."

ನಾನು ಫೋನನ್ನು ಡಬರಿಗೆ ಸರಿಯಾಗಿ ಆನಿಸಿ ಇಟ್ಟೆ.

ತಂಗಿ ಜಾಗದ ನಡುವೆ ಹೋಗಿ ನಿಂತಳು. ಗಂಡ ಫೋನು ಹಿಡಿದ. ಅವಳು ಮೊದಲು ನಾಚಿಕೆಯಲ್ಲಿ, ಸಣ್ಣ ಮಕ್ಕಳ ಟೀಚರ್ ಧ್ವನಿಯಲ್ಲಿ, "ಯಾರಾದ್ರೂ ಇದೀರಾ?" ಎಂದಳು. ಗಾಳಿ ಬೀಸಿತು. ಎಲ್ಲೋ ಒಂದು ನಾಯಿ ಬೊಗಳಿತು. ಅದು ಇಂಗ್ಲಿಷ್ ನಾಯಿ, ಲೆಕ್ಕಕ್ಕಿಲ್ಲ. ಎರಡನೆಯ ಸಲ ಸ್ವಲ್ಪ ಜೋರಾಗಿ ಕೂಗಿದಳು. ಬೇಲಿಯಾಚೆ ಹಸುವೊಂದು ತಲೆ ಎತ್ತಿ ನೋಡಿ, ಮತ್ತೆ ಹುಲ್ಲಿಗೆ ಬಾಗಿತು. ಅಡುಗೆಮನೆಯಲ್ಲಿ ಅತ್ತೆಯ ಮಿಕ್ಸಿ ನಿಂತಿತು.

ತಂಗಿ ಕಾಲು ಅಗಲಿಸಿ ನಿಂತಳು. ಕೈಗಳನ್ನು ಬಾಯಿಯ ಸುತ್ತ ಇಟ್ಟುಕೊಂಡಳು.

"ಮಾಮಾ...!"

ಟೀಚರ್ ಧ್ವನಿಯಲ್ಲ. ಸೈಕಲ್ ಬಾರಿನ ಮೇಲೆ ಕೂತವಳ ಧ್ವನಿ.

ಮಾಮ ಎದ್ದು ನಿಂತರು. ಎತ್ತಿ ಕಟ್ಟಿದ್ದ ಲುಂಗಿಯನ್ನು ಬಿಚ್ಚಿ ಕಾಲಿನ ತನಕ ಇಳಿಬಿಟ್ಟರು. ದೊಡ್ಡವರ ಮುಂದೆ, ದೇವರ ಮುಂದೆ, ಸಾವಿನ ಮನೆಯ ಬಾಗಿಲಲ್ಲಿ ಮಾತ್ರ ಅವರು ಹಾಗೆ ಮಾಡುವುದು. ಸ್ಟೂಲಿನ ಮೇಲಿನ ಫೋನಿಗೆ ಬಗ್ಗಿ, ಎದುರು ಗುಡ್ಡದಲ್ಲಿ ನಿಂತವರಿಗೆ ಕೇಳಿಸುವ ಹಾಗೆ,

"ಓ...!"

ಡಬರಿ ಉರುಳಿ ಫೋನು ಮಗುಚಿ ಬಿತ್ತು. ನಾನು ಎತ್ತಿ ನಿಲ್ಲಿಸುವಷ್ಟರಲ್ಲಿ ಮತ್ತೊಮ್ಮೆ, "ಓ! ಇಲ್ಲೇ ಇವ್ನಿ ತಾಯೀ, ಇಲ್ಲೇ ಇವ್ನಿ!"

ಫೋನಿನ ತೆರೆಯಲ್ಲಿ ಆಕಾಶ, ಹುಲ್ಲು, ಮತ್ತೆ ಆಕಾಶ. ತಂಗಿ ಓಡಿ ಬಂದು ಫೋನು ಕಿತ್ತುಕೊಂಡಳು. ಮೂಗು, ಕಣ್ಣು, ಕೂದಲು ಎಲ್ಲ ಒಂದಾಗಿತ್ತು.

"ಇಷ್ಟು ಗಾಳೀಲಿ ಬರೀ ತಲೇಲಿ ನಿಂತಿದ್ದೀಯಲ್ಲ, ಬುದ್ಧಿ ಇಲ್ವಾ ನಿಂಗೆ?" ಎಂದರು ಮಾಮ. ನನ್ನ ಕಡೆ ತಿರುಗಲಿಲ್ಲ. ನನ್ನ 'ಹೇಳು ಅವಳ್ಗೆ' ಎಂಬ ನೌಕರಿ ಆ ಕ್ಷಣದಲ್ಲಿ ಹೋಯಿತು. "ಅವನೆಲ್ಲಿ, ಆ ಗೇಟಾಚೆಯವನು? ಕೊಳವೆ ಮೇಲೆ ಶೆಡ್ಡು ಹಾಕ್ಬೇಡ ಅಂತ ಹೇಳು. ಬ್ಯಾಡ, ಫೋನ್ ಅವನ್ಗೇ ಕೊಡು. ನಾನೇ ಹೇಳ್ತೀನಿ."

ಸಹಿ ಆಯಿತು.

ಆಮೇಲೆ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಅವ್ವನನ್ನು ಕೇಳಿದೆ: ನಮ್ಮವರಲ್ಲಿ ಜಾಗದ ಮೇಲೆ ನಿಂತು ಕೂಗುವ ಶಾಸ್ತ್ರ ಇತ್ತಾ? "ಗುಂಡಿ ತೋಡೋದು ಗೊತ್ತು, ಹಸು ಗೊತ್ತು. ಕೂಗೋದಾ? ಕೇಳಿಲ್ಲವ್ವಾ," ಎಂದಳು ಅವ್ವ. ಆದರೆ ಅವ್ವ ನನ್ನ ಹುಟ್ಟಿದ ದಿನವನ್ನೂ ಎರಡು ಥರ ಹೇಳುತ್ತಾಳೆ. ನನ್ನ ಹಳೆಯ ದಿನಚರಿಗಳನ್ನೆಲ್ಲ ತಿರುವಿದೆ. ಗುಂಡಿ ಇದೆ, ಉಪ್ಪು ಇದೆ, ಮುರುಕು ಇದೆ, ಪಟ್ಟಾ ತಿಂದ ಹಸು ಇದೆ. ಕೂಗು ಎಲ್ಲೂ ಇಲ್ಲ. ನಾನು ಬರೆಯದೆ ಬಿಟ್ಟಿರಬಹುದು. ನಾನು ಬರೆಯದೆ ಬಿಟ್ಟದ್ದೇ ಹೆಚ್ಚು.

ಮುಂದಿನ ಸೋಮವಾರ ಮಾಮನ ಮನೆಗೆ ಹೋದಾಗ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಬೀಗ ಮಾಮನ ತೊಡೆಯ ಮೇಲೆ, ಹಳೆಯ ಬನಿಯನ್ನಿನ ತುಂಡಿನ ಮೇಲೆ. ತೆಂಗಿನೆಣ್ಣೆಯಲ್ಲಿ ಅದ್ದಿದ ಕೋಳಿಗರಿಯಿಂದ ಕೀಲಿಯ ತೂತಿಗೆ ಎಣ್ಣೆ ಬಿಡುತ್ತಿದ್ದರು.

"ಪಾರ್ಸೆಲ್ ಮಾಡ್ಬೇಕು. ಅಡ್ರೆಸ್ ಇಂಗ್ಲಿಷಲ್ಲಿ ಬರ್ದು ಕೊಡು."

"ಮಾಮಾ, ಆ ದೇಶದ ಬಾಗಿಲಿಗೆ ಇಂಥ ಬೀಗ ಹಾಕುವ ಕೊಂಡಿ ಇರುವುದಿಲ್ಲ."

"ಹಾಕಿಸ್ಕೊಳ್ಲಿ."

"ಮತ್ತೆ ನಿಮ್ಮ ಮನೆಗೆ?"

"ಮೊದ್ಲು ಅಡ್ರೆಸ್ ಬರಿ."

ಬರೆದೆ. ಅವರು ಕೀಲಿಕೈ ತಿರುಗಿಸಿ ನೋಡಿದರು. ಮೂವತ್ತು ವರ್ಷ ಯಾವ ಬಾಗಿಲನ್ನೂ ಕಾಣದ ಬೀಗ ಟಕ್ಕೆಂದು ಬಿಚ್ಚಿಕೊಂಡಿತು. ಮತ್ತೆ ಹಾಕಿದರು, ಮತ್ತೆ ಬಿಚ್ಚಿದರು. ಆಗ ನಾನು ಕೇಳಿದೆ. ಕೇಳಿ ಈಗ ಎಷ್ಟೋ ತಿಂಗಳಾಯಿತು. ಅಲ್ಲಿ ತಳಪಾಯವೂ ಆಯಿತಂತೆ, ಬೂದು ಬಣ್ಣದ ಛಾವಣಿಯೂ ಬಂತಂತೆ. ಮಾಮ ಇನ್ನೂ ಉತ್ತರ ಕೊಟ್ಟಿಲ್ಲ.

"ಮಾಮಾ, ನಿಜ ಹೇಳಿ. ಆ ಕೂಗೋ ಶಾಸ್ತ್ರ ನಮ್ಮ ಹಿರಿಯರಲ್ಲಿ ಇತ್ತಾ?"